ಬಾಟಲಿಯಲ್ಲಿ ಮಾಗುವುದು ಏನು?

ರುಚಿ-ಘಮ: ಓದುಗರ ಪ್ರಶ್ನೆ, ನನ್ನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ದಾರಕ್ಕೆ ಪೋಣಿಸಿದ ಹಾಗಿವೆ. ಎಲ್ಲವೂ ಇಟ್ಟು ಮಾಗಿಸುವ ವಿಷಯದವು. ಮೊದಲನೆಯದಕ್ಕೆ ಹೆಚ್ಚು ಜಾಗ ಹೋಗಿದೆ, ಹೋಗಬೇಕಿತ್ತು. ಈ ನಾಲ್ಕನ್ನು ಬಿಟ್ಟು ಉಳಿದ ಪತ್ರಗಳವರು ಮುಂದಿನ ಸಂಚಿಕೆಯವರೆಗೆ ಕಾಯಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮೂರು ದಾವಣಗೆರೆ, ಆರು ವರ್ಷದಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ದಿನಕ್ಕೆ ಹನ್ನೆರಡು ಸಿಗರೇಟು ಸೇದುತ್ತಿದ್ದವನು ಎರಡು ವರ್ಷದ ಹಿಂದೆ ಅದನ್ನು ಬಿಟ್ಟು ವೇಪ್‌ಗೆ, ಅಂದರೆ ಘಮದ ದ್ರವವನ್ನು ಕಾಯಿಸಿ ಆವಿ ಎಳೆಯುವ ಇ-ಸಿಗರೇಟಿಗೆ, ಬಂದೆ. ಅಂಗಡಿಯದು ದುಬಾರಿ, ಹಾಗಾಗಿ ಲಿಕ್ವಿಡ್ ನಾನೇ ಮನೆಯಲ್ಲಿ ಬೆರೆಸಿಕೊಳ್ಳುತ್ತೇನೆ. ನನಗಿಷ್ಟ ವೆನಿಲಾ ಕಸ್ಟರ್ಡ್. ಬೆರೆಸಿದ ದಿನ ಸೋಪು ನೆಕ್ಕಿದ ಹಾಗಿರುತ್ತದೆ. ಮೂರ್ನಾಲ್ಕು ವಾರ ಕಪಾಟಿನ ಕತ್ತಲಲ್ಲಿಟ್ಟರೆ ನಿಜವಾದ ಕಸ್ಟರ್ಡ್ ಆಗುತ್ತದೆ. ಇದಕ್ಕೆ ಇಲ್ಲಿಯವರು ‘ಸ್ಟೀಪ್ ಮಾಡೋದು’ ಅನ್ನುತ್ತಾರೆ. ಒಬ್ಬ ಗೆಳೆಯ ಮುಚ್ಚಳ ತೆಗೆದಿಡು ಅನ್ನುತ್ತಾನೆ, ಇನ್ನೊಬ್ಬ ಬಿಸಿನೀರಲ್ಲಿಡು ಅನ್ನುತ್ತಾನೆ, ಮತ್ತೊಬ್ಬ ಕನ್ನಡಕ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಹಾಕಿ ಒಂದೇ ಗಂಟೆಯಲ್ಲಿ ಮುಗಿಸು ಅನ್ನುತ್ತಾನೆ. ದಿನ ಕಳೆದಂತೆ ಬಣ್ಣ ಟೀ ಡಿಕಾಕ್ಷನ್ ಥರ ಆಗುತ್ತದೆ. ಒಳಗೆ ಏನಾಗುತ್ತಿದೆ? ಇನ್ನೂ ಹೆಚ್ಚು ದಿನ ಇಟ್ಟರೆ ಇನ್ನೂ ಚೆನ್ನಾಗುತ್ತದೆಯೇ?

ಉತ್ತರ: ನಿಮ್ಮ ಮೂಗು ಸರಿಯಾಗಿಯೇ ಹೇಳುತ್ತಿದೆ. ಆ ಬಾಟಲಿಯಲ್ಲಿ ನಿಜವಾಗಿಯೂ ಏನೋ ಬದಲಾಗುತ್ತಿದೆ. ನಾನು ವೇಪ್ ಎಳೆದವಳಲ್ಲ. ಆದರೆ ಪೀಣ್ಯದ ಒಂದು ಎಸೆನ್ಸ್ ಕಂಪನಿಯಲ್ಲಿ 27 ವರ್ಷ ಘಮ ಬೆರೆಸಿದ್ದೇನೆ. ಬೇಕರಿ ಬಿಸ್ಕತ್ತಿನ ಬೆಣ್ಣೆ ಘಮ, ಐಸ್‌ಕ್ರೀಮಿನ ವೆನಿಲಾ, ಸೋಡಾ ಅಂಗಡಿಯ ಕಿತ್ತಳೆ, ಎಲ್ಲವೂ ನಮ್ಮ ಮೇಜಿನ ಮೇಲಿಂದಲೇ ಹೋಗುತ್ತಿದ್ದವು. ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ವೆನಿಲಾ ಬೆರೆಸಿ, ತಕ್ಷಣ ಮೂಸಿ, ‘ಸಾರ್, ಕೆಟ್ಟಿದೆ’ ಎಂದು ಹಿರಿಯರ ಬಳಿ ಹೋಗಿದ್ದೆ. ಅವರು ಬಾಟಲಿಗೆ ತಾರೀಖಿನ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟು, ‘ಸೋಮವಾರ ಬಾ’ ಎಂದರು. ಸೋಮವಾರ ಅದು ಬೇರೆಯೇ ಪದಾರ್ಥವಾಗಿತ್ತು. ಪುಳಿಯೋಗರೆ ಕಲಸಿದ ತಕ್ಷಣ ಹುಳಿ ಬೇರೆ, ಬೆಲ್ಲ ಬೇರೆ, ಇಂಗು ಬೇರೆ ಬೇರೆಯಾಗಿ ನಾಲಿಗೆಗೆ ಸಿಗುತ್ತವಲ್ಲ, ಎರಡು ಗಂಟೆ ಬಿಟ್ಟರೆ ಒಂದಾಗುತ್ತವಲ್ಲ, ಹಾಗೆಯೇ.

ಮೊದಲು ನಡೆಯುವುದು ಬರೀ ಬೆರೆಯುವಿಕೆ. ನಿಮ್ಮ ಲಿಕ್ವಿಡ್‌ನಲ್ಲಿ ಗ್ಲಿಸರಿನ್ ಎಪ್ಪತ್ತು ಭಾಗ, ಪ್ರೊಪಿಲೀನ್ ಗ್ಲೈಕಾಲ್ ಮೂವತ್ತು ಭಾಗ ಇರಬಹುದು. ಕಸ್ಟರ್ಡ್ ಬೆರೆಸುವವರು ಸಾಮಾನ್ಯವಾಗಿ ಹಾಗೇ ಮಾಡುತ್ತಾರೆ. ಗ್ಲಿಸರಿನ್ ನೀರಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಮಂದ. ಗ್ಲೈಕಾಲ್ ಅಷ್ಟಿಲ್ಲ, ಸುಮಾರು ಐವತ್ತು ಪಟ್ಟು. ಎಸೆನ್ಸ್ ಕರಗಿರುವುದು ಗ್ಲೈಕಾಲ್‌ನಲ್ಲಿ. ಅದನ್ನು ಗ್ಲಿಸರಿನ್‌ಗೆ ಸುರಿದು ಎರಡು ಸಲ ಅಲ್ಲಾಡಿಸಿ ಬಿಟ್ಟರೆ, ಜೇನುತುಪ್ಪದಲ್ಲಿ ಹಾಲು ಹನಿಸಿದ ಹಾಗೆ ಎಳೆಎಳೆಯಾಗಿ ನಿಲ್ಲುತ್ತದೆ. ಇಂಗ್ಲೆಂಡಿನ ಚಳಿಗಾಲದ ಕೋಣೆಯಲ್ಲಿ ಇನ್ನೂ ಗಟ್ಟಿ. ಒಂದು ಗುಟುಕಿನಲ್ಲಿ ಎಸೆನ್ಸ್ ಜಾಸ್ತಿ, ಇನ್ನೊಂದರಲ್ಲಿ ಏನೂ ಇಲ್ಲ ಅನ್ನಿಸುವುದು ಇದರಿಂದ. ಐದು ನಿಮಿಷ ಚೆನ್ನಾಗಿ ಕುಲುಕಿ, ಮರುದಿನ ಮತ್ತೊಮ್ಮೆ ಕುಲುಕಿದರೆ ಈ ಕೆಲಸ ಮುಗಿಯಿತು. ಅಲ್ಟ್ರಾಸಾನಿಕ್ ಯಂತ್ರ ಮಾಡುವುದೂ ಮುಖ್ಯವಾಗಿ ಇಷ್ಟೇ. ಅದು ಬೆರೆಸುತ್ತದೆ, ಮಾಗಿಸುವುದಿಲ್ಲ. ಗೆಳೆಯರು ‘ಒಂದೇ ಗಂಟೆಯಲ್ಲಿ ಮಾಗಿತು’ ಅನ್ನುವುದು ಸರಿಯಾಗಿ ಬೆರೆತಿದ್ದನ್ನು ನೋಡಿ.

ಎರಡನೆಯದು, ಹಗುರವಾದವು ಹಾರಿಹೋಗುವುದು. ಎಷ್ಟೋ ಎಸೆನ್ಸ್‌ಗಳಲ್ಲಿ ಸ್ವಲ್ಪ ಆಲ್ಕೋಹಾಲ್ ಇರುತ್ತದೆ, ಈಥೈಲ್ ಅಸಿಟೇಟ್‌ನಂಥ ಎಸ್ಟರ್‌ಗಳಿರುತ್ತವೆ. ಇವೆರಡೂ 77-78 ಡಿಗ್ರಿಗೇ ಕುದಿಯುವಂಥವು, ಮುಚ್ಚಳ ತೆಗೆದರೆ ಮೊದಲು ಮೂಗಿಗೆ ಬಡಿಯುವಂಥವು. ನೀವು ಸೋಪು ಎಂದಿದ್ದರಲ್ಲಿ ಒಂದು ಪಾಲು ಇವುಗಳದ್ದು. ಒಂದೆರಡು ದಿನ ದಿನಕ್ಕೊಮ್ಮೆ ಮುಚ್ಚಳ ತೆರೆದು ಮುಚ್ಚಿದರೆ ಇಳಿಯುತ್ತವೆ. ಆದರೆ ಅದೇ ಮುಚ್ಚಳ ರಾತ್ರಿಯಿಡೀ ತೆರೆದಿಟ್ಟರೆ ಹಣ್ಣಿನ ಘಮವೂ ಹೊರಟುಹೋಗುತ್ತದೆ, ಒಳಗೆ ಗಾಳಿ ಸೇರುತ್ತದೆ. ಗಾಳಿಯಿಂದ ಆಗುವ ಹಾನಿಯನ್ನು ಮುಂದೆ ಹೇಳುತ್ತೇನೆ. ಅಂದಹಾಗೆ ಕಿತ್ತಳೆ, ನಿಂಬೆ ಘಮದವನ್ನು ಮಾಗಿಸಲು ಹೋಗಲೇಬೇಡಿ. ಅವುಗಳಲ್ಲಿರುವ ಲಿಮೋನೀನ್ ಗಾಳಿ ತಾಗಿ ಟರ್ಪೆಂಟೈನ್ ವಾಸನೆಗೆ ತಿರುಗುತ್ತದೆ. ನಮ್ಮ ಲ್ಯಾಬಿನಲ್ಲಿ ಕಿತ್ತಳೆಗೆ ಮಾತ್ರ ಫ್ರಿಡ್ಜಿನ ಮೇಲಿನ ಅರೆ ಮೀಸಲಾಗಿತ್ತು.

ಮೂರನೆಯದೇ ನೀವು ಕಾಯುತ್ತಿರುವ ‘ಕಸ್ಟರ್ಡ್’. ವೆನಿಲಾ ಘಮದ ಜೀವಾಳ ವೆನಿಲಿನ್, ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದೊಂದು ಆಲ್ಡಿಹೈಡ್. ಬಾದಾಮಿ, ಚೆರಿ ಘಮದ ಬೆಂಜಾಲ್ಡಿಹೈಡ್, ಚಕ್ಕೆಯ ಸಿನ್ನಮಾಲ್ಡಿಹೈಡ್, ನಿಂಬೆಹುಲ್ಲಿನ ಸಿಟ್ರಾಲ್, ಇವೂ ಅದೇ ಕುಲದವು. ಇವು ಗ್ಲೈಕಾಲ್ ಜೊತೆ ಸುಮ್ಮನೆ ಕೂರುವುದಿಲ್ಲ, ಅದರೊಂದಿಗೆ ಸೇರಿ ಅಸಿಟಾಲ್ ಎಂಬ ಹೊಸ ಪದಾರ್ಥವಾಗುತ್ತವೆ. ಅಸಿಟಾಲ್‌ನ ಘಮ ಮೃದು, ನಿಧಾನ, ಮೂಗಿಗೆ ಚುಚ್ಚುವುದಿಲ್ಲ. ಎಸೆನ್ಸ್ ಕಸುಬಿನವರಿಗೆ ಇದು ಹಳೆಯ ವಿಷಯ. ಗಿರಾಕಿಗೆ ತೀಕ್ಷ್ಣವಾದ ಬಾದಾಮಿ ಘಮವೇ ಬೇಕೆಂದರೆ ನಾವು ಗ್ಲೈಕಾಲ್ ಬಿಟ್ಟು ಟ್ರೈಅಸಿಟಿನ್‌ನಲ್ಲಿ ಕರಗಿಸಿ ಕೊಡುತ್ತಿದ್ದೆವು. ವೇಪ್ ಲಿಕ್ವಿಡ್‌ನಲ್ಲೂ ಹೀಗೇ ಆಗುತ್ತದೆಂದು ಅಮೆರಿಕದ ಯೇಲ್ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳ ಸಂಶೋಧಕರು 2018ರಲ್ಲಿ ತೋರಿಸಿದರು. ಆಲ್ಡಿಹೈಡ್‌ನ ಶೇಕಡಾ 40ರಷ್ಟು, ಕೆಲವು ಕಡೆ ಅದಕ್ಕೂ ಹೆಚ್ಚು, ಅಸಿಟಾಲ್ ಆಗಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಆವಿಯಲ್ಲಿ ಬಾಯಿಗೆ ಬರುತ್ತಿತ್ತು.

ಅದೇ ಕೆಲಸದಲ್ಲಿ ಅವರು ಇನ್ನೊಂದನ್ನೂ ಕಂಡರು. ಈ ಅಸಿಟಾಲ್‌ಗಳು ಶ್ವಾಸನಾಳದಲ್ಲಿ ಉರಿಯನ್ನು ಗುರುತಿಸುವ ಗ್ರಾಹಿಗಳನ್ನು ಎಬ್ಬಿಸುತ್ತವೆ. ಅದರಲ್ಲೊಂದು ಮೆಣಸಿನಕಾಯಿಯ ಖಾರವನ್ನು ಹಿಡಿಯುವ ಗ್ರಾಹಿ. ಬರೀ ವೆನಿಲಿನ್ ಆ ಗ್ರಾಹಿಯನ್ನು ಅಷ್ಟಾಗಿ ತಟ್ಟುವುದಿಲ್ಲ, ಅದರ ಅಸಿಟಾಲ್ ತಟ್ಟುತ್ತದೆ. ಮೂಗಿಗೆ ಮೆತ್ತಗಾದದ್ದು ಗಂಟಲಿಗೂ ಮೆತ್ತಗೆ ಎಂದು ಲೆಕ್ಕ ಹಾಕಬೇಡಿ.

ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಅಸಿಟಾಲ್ ಆಗುವುದು ತಕ್ಕಡಿ ತೂಗಿದ ಹಾಗೆ, ಒಂದು ಹಂತಕ್ಕೆ ಎರಡೂ ತಟ್ಟೆ ಸಮವಾಗಿ ನಿಂತುಬಿಡುತ್ತದೆ. ಆಮೇಲೆ ಆರು ತಿಂಗಳಿಟ್ಟರೂ ಆ ಕಡೆಯಿಂದ ಹೊಸದೇನೂ ಸಿಗುವುದಿಲ್ಲ. ಮುಂದುವರಿಯುವುದು ಗಾಳಿಯ ಕೆಲಸ ಮಾತ್ರ. ಶುದ್ಧ ನಿಕೋಟಿನ್‌ಗೆ ಬಣ್ಣವಿಲ್ಲ. ಗಾಳಿ ಬೆಳಕು ತಾಗಿದರೆ ಹಳದಿಯಾಗಿ, ಕಂದಾಗಿ, ಕರಿಮೆಣಸಿನಂಥ ಕಟು ರುಚಿ ಬರುತ್ತದೆ. ನಿಮ್ಮ ಡಿಕಾಕ್ಷನ್ ಬಣ್ಣದಲ್ಲಿ ವೆನಿಲಿನ್‌ದೂ ಪಾಲಿದೆ, ಹಾಗಾಗಿ ಕಂದಾದದ್ದೆಲ್ಲ ಕೆಟ್ಟಿದೆ ಎನ್ನಲಾಗದು, ಕಂದಾಯಿತೆಂದರೆ ಮಾಗಿತು ಎಂದೂ ಅಲ್ಲ. ಬಿಸಿನೀರಲ್ಲಿ ಇಟ್ಟರೆ ಎಲ್ಲ ಕ್ರಿಯೆಗಳೂ ಒಟ್ಟಿಗೆ ಓಡುತ್ತವೆ. ಬೇಕಾದದ್ದು ಬೇಗ ಆಗುತ್ತದೆ, ಬೇಡವಾದದ್ದೂ ಬೇಗ ಆಗುತ್ತದೆ.

ಈಗ ಕಸ್ಟರ್ಡ್‌ನ ಬೆಣ್ಣೆಯ ವಿಷಯ. ಇದನ್ನು ಬರೆಯಲೆಂದೇ ನಿಮ್ಮ ಪತ್ರವನ್ನು ಮೊದಲಿಗೆ ತೆಗೆದುಕೊಂಡೆ.

ಬೆಣ್ಣೆಗೆ, ಕಡೆದ ಮಜ್ಜಿಗೆಗೆ ಆ ಘಮ ಕೊಡುವುದು ಡೈಅಸಿಟೈಲ್. ತಿಂದರೆ ತೊಂದರೆಯಿಲ್ಲ, ನಮ್ಮ ಅಜ್ಜಿಯಂದಿರು ದಿನಾ ತಿಂದಿದ್ದಾರೆ. ಉಸಿರಿಗೆ ಹೋದರೆ ಕಥೆಯೇ ಬೇರೆ. 2000ದಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಜಾಸ್ಪರ್ ಎಂಬ ಊರಿನ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಎಂಟು ಜನರಿಗೆ ಶ್ವಾಸಕೋಶದ ಅತಿ ಸಣ್ಣ ನಾಳಗಳು ಗಾಯವಾಗಿ ಮುಚ್ಚಿಕೊಳ್ಳುವ ಕಾಯಿಲೆ ಇರುವುದು ಬೆಳಕಿಗೆ ಬಂತು. ಮತ್ತೆ ತೆರೆದುಕೊಳ್ಳುವ ನಾಳಗಳಲ್ಲ ಅವು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬೆಣ್ಣೆ ಎಸೆನ್ಸ್ ಬಿಸಿಯಾದಾಗ ಏಳುವ ಆವಿ.

ಆ ಸುದ್ದಿ ನಮ್ಮ ಕಂಪನಿಗೆ ತಲುಪುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ನಮ್ಮ ಬ್ಲೆಂಡಿಂಗ್ ಹಾಲಿನಲ್ಲಿ ಬೆಣ್ಣೆ ಘಮದ ಡ್ರಮ್ ತೆರೆದು ಮಗ್ಗಿನಲ್ಲಿ ಅಳೆದು ಹಾಕುತ್ತಿದ್ದ ಒಬ್ಬರಿದ್ದರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಮಾಸ್ಕ್ ಅಂದರೆ ಮೂಗಿಗೆ ಕಟ್ಟಿದ ಟವೆಲ್. ಕೊನೆಕೊನೆಗೆ ಮೊದಲ ಮಹಡಿಯ ಮೆಟ್ಟಿಲು ಹತ್ತಲು ಎರಡು ಕಡೆ ನಿಲ್ಲುತ್ತಿದ್ದರು. ಡಾಕ್ಟರು ಅಸ್ತಮಾ ಎಂದು ಬರೆದುಕೊಟ್ಟರು. ಕಾರಣ ಏನೆಂದು ಯಾರೂ ಪರೀಕ್ಷೆ ಮಾಡಿಸಲಿಲ್ಲ, ಕಂಪನಿಯೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಡ್ರಮ್‌ನ ಫಾರ್ಮುಲಾ ಕಾಗದದ ಕೆಳಗೆ ನನ್ನ ಸಹಿಯಿತ್ತು. ಬೆಣ್ಣೆ ಘಮದ ಪ್ರಶ್ನೆ ಬಂದಾಗಲೆಲ್ಲ ಆ ಮೆಟ್ಟಿಲು ಕಣ್ಣಮುಂದೆ ಬರುತ್ತದೆ.

ನೀವಿರುವ ಬ್ರಿಟನ್ನಿನಲ್ಲಿ ವೇಪ್ ಲಿಕ್ವಿಡ್‌ಗೆ ಡೈಅಸಿಟೈಲ್ ಹಾಕುವಂತಿಲ್ಲ. ಹಾಗಾಗಿ ಎಸೆನ್ಸ್ ಮಾಡುವವರು ಬೆಣ್ಣೆಯ ಛಾಯೆಗೆ ಬೇರೆ ಪದಾರ್ಥ ಹಾಕುತ್ತಾರೆ, ಅದರಲ್ಲಿ ಅಸಿಟೋಯಿನ್ ಒಂದು. ಅಸಿಟೋಯಿನ್ ಮತ್ತು ಡೈಅಸಿಟೈಲ್ ಒಂದೇ ಮನೆಯವು, ನಡುವೆ ಎರಡು ಹೈಡ್ರೋಜನ್‌ನಷ್ಟು ಅಂತರ. ಇಟ್ಟ ಬಾಟಲಿಯಲ್ಲಿ ದಿನ ಕಳೆದಂತೆ ಅಸಿಟೋಯಿನ್ ಡೈಅಸಿಟೈಲ್ ಆಗಿ ತಿರುಗುತ್ತದೆ ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಿಕೋಟಿನ್ ಕ್ಷಾರಗುಣದ್ದು, ಅದು ಜೊತೆಗಿದ್ದರೆ ಈ ತಿರುಗುವಿಕೆಗೆ ಇನ್ನೂ ಅನುಕೂಲ.

ಇದರ ಅರ್ಥವನ್ನು ಸ್ವಲ್ಪ ನಿಂತು ನೋಡಿ. ಅಂಗಡಿಯಿಂದ ತಂದ ದಿನ ಎಸೆನ್ಸ್‌ನಲ್ಲಿ ಡೈಅಸಿಟೈಲ್ ಇರಲಿಲ್ಲ, ಚೀಟಿಯ ಮೇಲೆ ಬರೆದದ್ದು ನಿಜವೇ. ನಾಲ್ಕು ವಾರದ ಮೇಲೆ ನಿಮ್ಮ ಕಪಾಟಿನಲ್ಲಿ ಅದು ಹುಟ್ಟಿರಬಹುದು. ಬೆಣ್ಣೆಯ ಘಮ ತುಂಬಿಕೊಂಡಾಗ ನೀವು ‘ಚೆನ್ನಾಗಿ ಮಾಗಿದೆ’ ಎಂದು ಸಂತೋಷಪಡುತ್ತೀರಿ. ನಿಮಗೆ ಖುಷಿ ಕೊಡುವ ಆ ಬದಲಾವಣೆಯಲ್ಲಿಯೇ ನಿಮ್ಮ ಶ್ವಾಸಕೋಶಕ್ಕೆ ಬೇಡವಾದದ್ದೂ ಸೇರಿರುತ್ತದೆ, ಮೂಗು ಇವೆರಡನ್ನು ಬೇರೆ ಮಾಡಿ ಹೇಳಲಾರದು. 27 ವರ್ಷ ಪಳಗಿದ ನನ್ನ ಮೂಗೂ ಹೇಳಲಾರದು. ಎಸೆನ್ಸ್‌ಗಳನ್ನು ಸುರಕ್ಷಿತ ಎಂದು ಪಟ್ಟಿ ಮಾಡಿರುವುದು ತಿನ್ನುವ ಲೆಕ್ಕದಲ್ಲಿ, ಉಸಿರಾಡುವ ಲೆಕ್ಕದಲ್ಲಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸಿಗರೇಟಿನ ಹೊಗೆಯಲ್ಲಿ ಡೈಅಸಿಟೈಲ್ ಇದಕ್ಕಿಂತ ಬಹಳ ಹೆಚ್ಚಿದೆ, ಜೊತೆಗೆ ಟಾರ್, ಕಾರ್ಬನ್ ಮೊನಾಕ್ಸೈಡ್ ಬೇರೆ. ನೀವು ದಿನದ ಹನ್ನೆರಡು ಸಿಗರೇಟು ಬಿಟ್ಟದ್ದು ದೊಡ್ಡ ಕೆಲಸ. ನಾನು ಬರೆದದ್ದನ್ನು ಓದಿ ಹೆದರಿ ಮತ್ತೆ ಅಲ್ಲಿಗೆ ಹೋಗಬೇಡಿ.

ಹಾಗಾದರೆ ಏನು ಮಾಡುವುದು? ಕಸ್ಟರ್ಡ್, ಬಟರ್‌ಸ್ಕಾಚ್, ಪಾಪ್‌ಕಾರ್ನ್, ಇವನ್ನು ಬಿಟ್ಟುಬಿಡಿ ಎಂಬುದು ನನ್ನ ಸಲಹೆ. ವೆನಿಲಾ ಬೇಕಿದ್ದರೆ ಬೆಣ್ಣೆಯ ಛಾಯೆಯಿಲ್ಲದ್ದನ್ನು ಆರಿಸಿ. ಎಸೆನ್ಸ್ ಮಾರುವವರನ್ನು ಡೈಅಸಿಟೈಲ್ ಬಗ್ಗೆ ಮಾತ್ರ ಕೇಳಿ ಸುಮ್ಮನಾಗಬೇಡಿ, ಅಸಿಟೋಯಿನ್ ಇದೆಯೇ, ಅದೇ ಥರದ ಬೆಣ್ಣೆ ಘಮದ ಅಸಿಟೈಲ್ ಪ್ರೊಪಿಯೊನಿಲ್ ಇದೆಯೇ ಎಂದೂ ಕೇಳಿ. ಪರೀಕ್ಷಾ ವರದಿ ತೋರಿಸದವರಿಂದ ಕೊಳ್ಳಬೇಡಿ. ಸಕ್ಕರೆಯ ಬದಲು ಹಾಕುವ ಸುಕ್ರಲೋಸ್ ಇರುವ ಸಿಹಿಯೂ ಬೇಡ, ಲಿಕ್ವಿಡ್ ಕಾಯಿಸುವ ತಂತಿಯಾದ ಕಾಯಿಲ್‌ನ ಶಾಖಕ್ಕೆ ಒಡೆದು ಕ್ಲೋರಿನ್ ಸೇರಿದ ಪದಾರ್ಥಗಳಾಗುತ್ತದೆ.

ಇಟ್ಟೇ ತೀರುತ್ತೇನೆ ಎಂದಾದರೆ ನಿಕೋಟಿನ್ ಇಲ್ಲದೆ ಇಡಿ. ನಿಮ್ಮಲ್ಲಿ ನಿಕೋಟಿನ್ ಇರುವ ಬಾಟಲಿ 10 ಮಿಲಿಲೀಟರ್ ಮೀರುವಂತಿಲ್ಲ, ಅದರ ಬಲ ಮಿಲಿಲೀಟರ್‌ಗೆ 20 ಮಿಲಿಗ್ರಾಂ ಮೀರುವಂತಿಲ್ಲ ಎಂಬ ಕಾನೂನು 2016ರಿಂದ ಇದೆ. ಅದರಿಂದಲೇ ‘ಶಾರ್ಟ್‌ಫಿಲ್’ ಎಂಬ ಪದ್ಧತಿ ಬಂತು. 60 ಮಿಲಿಲೀಟರ್ ಬಾಟಲಿಯಲ್ಲಿ ನಿಕೋಟಿನ್ ಇಲ್ಲದ 50, ಅದಕ್ಕೆ ಮನೆಯಲ್ಲಿ 18 ಮಿಲಿಗ್ರಾಂ ಬಲದ 10 ಮಿಲಿಲೀಟರ್ ‘ನಿಕ್ ಶಾಟ್’ ಸುರಿದರೆ ಕೊನೆಗೆ ಮಿಲಿಲೀಟರ್‌ಗೆ 3 ಮಿಲಿಗ್ರಾಂ. ಇದನ್ನೇ ಅನುಸರಿಸಿ. ಘಮ ಮಾತ್ರ ಬೆರೆಸಿ, ಕಂದು ಗಾಜಿನ ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬಿ, ಗಾಳಿಗೆ ಜಾಗ ಬಿಡದೆ, ಬಿಗಿಯಾಗಿ ಮುಚ್ಚಿ, ತಾರೀಖು ಬರೆದು ತಣ್ಣನೆಯ ಕತ್ತಲಲ್ಲಿಡಿ. ಒಂದು ವಾರ, ಹೆಚ್ಚೆಂದರೆ ಎರಡು. ಸೇದುವ ದಿನವೇ ನಿಕೋಟಿನ್ ಸೇರಿಸಿ, ಕೈಗೆ ಗ್ಲೌಸ್ ಹಾಕಿಕೊಂಡು. ಹೀಗೆ ಮಾಡಿದರೆ ಆ ಬಲವನ್ನು ತಿಂಗಳಿಗಿಷ್ಟೆಂದು ಇಳಿಸುತ್ತಾ ಹೋಗುವುದೂ ಸುಲಭ, ಇಳಿಸುತ್ತಾ ಇಳಿಸುತ್ತಾ ಅದನ್ನೂ ಬಿಡುವ ದಾರಿ ನಿಮಗೆ ಸಿಗಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಎರಡು ವಾರಕ್ಕೂ ನಾಲ್ಕು ವಾರಕ್ಕೂ ನಿಜವಾಗಿ ವ್ಯತ್ಯಾಸ ಇದೆಯೇ ಎಂದು ನೀವೇ ನೋಡಬಹುದು. ನಾವು ಲ್ಯಾಬಿನಲ್ಲಿ ತ್ರಿಕೋನ ಪರೀಕ್ಷೆ ಮಾಡುತ್ತಿದ್ದೆವು. ಮೂರು ಒಂದೇ ಥರದ ಬಾಟಲಿ, ಎರಡರಲ್ಲಿ ಹಳೆಯದು, ಒಂದರಲ್ಲಿ ಹೊಸದು, ಯಾವುದರಲ್ಲಿ ಯಾವುದೆಂದು ಬೇರೆಯವರಿಗೆ ಮಾತ್ರ ಗೊತ್ತು. ಮೂಸಿ ಬೇರೆಯದನ್ನು ಗುರುತಿಸಬೇಕು. ಹನ್ನೆರಡು ಸಲ ಮಾಡಿ, ಎಂಟು ಸಲವಾದರೂ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ಇದೆ ಎಂದು ನಾವು ಒಪ್ಪುತ್ತಿದ್ದೆವು. ಕಾದದ್ದಕ್ಕೆ ರುಚಿ ಬಂದೇ ಬಂದಿದೆ ಎಂದು ಮನಸ್ಸು ಹೇಳುವುದನ್ನು ಇದು ಬೇರೆ ಮಾಡುತ್ತದೆ. ಬರೀ ಮೂಸಿದರೆ ಸಾಕು, ಎಳೆಯುವುದು ಬೇಡ.

ಪ್ರಶ್ನೆ: ಶಿರಸಿ ಕಡೆಯ ತೋಟದವರು ನಾವು. ಇಪ್ಪತ್ತು ವರ್ಷದ ಹಿಂದೆ ವೆನಿಲಾ ಬೆಲೆ ಬಿದ್ದಾಗ ಬಳ್ಳಿ ಕಿತ್ತೆಸೆದಿದ್ದೆವು, ಈಗ ಅಡಿಕೆ ಮಧ್ಯೆ ಮತ್ತೆ ನಾಲ್ಕು ಬಳ್ಳಿ ಹಬ್ಬಿದೆ. ಮನೆಯಲ್ಲೇ ಎಸೆನ್ಸ್ ಮಾಡಿ ಮಾಗಿಸಲು ಎಷ್ಟು ದಿನ ಬೇಕು? ದುಬೈಯಲ್ಲಿರುವ ತಂಗಿಯ ಮಗ ಅದನ್ನು ವೇಪ್‌ಗೆ ಹಾಕಿಕೊಳ್ಳುತ್ತೇನೆ, ಕಳಿಸು ಮಾವ ಅನ್ನುತ್ತಿದ್ದಾನೆ.

ಉತ್ತರ: 2003ರ ಸುಮಾರಿನ ಆ ಬೆಲೆ, ಅದರ ಹಿಂದೆಯೇ ಬಂದ ಕುಸಿತ, ಎರಡೂ ನನಗೆ ನೆನಪಿವೆ. ಬಳ್ಳಿ ಮತ್ತೆ ಚಿಗುರಿದೆ ಎಂದು ಓದಿ ಖುಷಿಯಾಯಿತು.

ಮಾಗುವ ಕೆಲಸ ಬಾಟಲಿಗಿಂತ ಮೊದಲು ಕೋಡಿನಲ್ಲಿ ಆಗಬೇಕು. ಹಸಿ ಕೋಡಿಗೆ ಘಮವೇ ಇಲ್ಲ, ವೆನಿಲಿನ್ ಒಂದು ಸಕ್ಕರೆಗೆ ಅಂಟಿಕೊಂಡು ಕೂತಿರುತ್ತದೆ. ತುದಿ ಹಳದಿ ತಿರುಗಿದಾಗ ಕೊಯ್ದು, 63ರಿಂದ 65 ಡಿಗ್ರಿಯ ನೀರಿನಲ್ಲಿ ಮೂರು ನಿಮಿಷ ಅದ್ದಿ. ಥರ್ಮಾಮೀಟರ್ ಇಟ್ಟೇ ಮಾಡಿ, ಕೈ ಅಂದಾಜು ಸಾಲದು. ಬಿಸಿ ಇರುವಾಗಲೇ ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ, ಬೆಳಗಾದರೆ ಕೋಡು ಚಾಕೊಲೇಟ್ ಬಣ್ಣಕ್ಕೆ ತಿರುಗಿರುತ್ತದೆ. ಆಮೇಲೆ ದಿನಕ್ಕೆ ಎರಡು ಮೂರು ಗಂಟೆ ಬಿಸಿಲು, ಉಳಿದ ಹೊತ್ತು ಕಂಬಳಿ. ವಾರ ಕಳೆದ ಮೇಲೆ ನೆರಳಿನಲ್ಲಿ ನಿಧಾನ ಒಣಗಿಸಿ, ಬೆರಳಿಗೆ ಸುತ್ತಿದರೆ ಮುರಿಯದಂಥ ಹದಕ್ಕೆ ಬಂದಾಗ ಮೇಣದ ಕಾಗದದಲ್ಲಿ ಸುತ್ತಿ ಎರಡು ಮೂರು ತಿಂಗಳು ಪೆಟ್ಟಿಗೆಯಲ್ಲಿಡಿ. ಐದಾರು ಕಿಲೋ ಹಸಿಗೆ ಒಂದು ಕಿಲೋ ಒಣಗಿದ್ದು ಸಿಕ್ಕರೆ ಸರಿಯಾಗಿದೆ ಎಂದರ್ಥ. ಬೂಸಲು ಕಂಡ ಕೋಡನ್ನು ಆ ಕ್ಷಣವೇ ಬೇರೆ ಮಾಡಿ, ಉಳಿದವಕ್ಕೆ ಹಬ್ಬುತ್ತದೆ.

ಎಸೆನ್ಸ್‌ಗೆ ಒಂದು ಲೀಟರ್ ವೋಡ್ಕಾಗೆ 100 ಗ್ರಾಂ ಕೋಡು, ಉದ್ದಕ್ಕೆ ಸೀಳಿ, ಚೂರು ಮಾಡಿ ಹಾಕಿ. ಎರಡು ತಿಂಗಳಿಗೆ ಬಣ್ಣ ಬರುತ್ತದೆ, ಆರು ತಿಂಗಳಿಗೆ ಘಮ ಬರುತ್ತದೆ, ವರ್ಷವಿಟ್ಟರೂ ನಷ್ಟವಿಲ್ಲ. ಇಲ್ಲಿ ಕಾಯುವುದಕ್ಕೆ ನಿಜವಾದ ಫಲವಿದೆ. ತಿನ್ನುವ ಪದಾರ್ಥ, ಹೊಟ್ಟೆಗೆ ಹೋಗುವಂಥದ್ದು.

ಅಳಿಯನಿಗೆ ಮಾತ್ರ ಕಳಿಸಬೇಡಿ. ಕೋಡಿನ ಸಕ್ಕರೆ, ಅಂಟು, ಮೇಣ, ಎಣ್ಣೆಯಂಶ ಎಲ್ಲ ಅದರಲ್ಲಿ ಇಳಿದಿರುತ್ತದೆ. ಸಕ್ಕರೆ ಕಾಯಿಲ್ ಮೇಲೆ ಸುಡುತ್ತದೆ, ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಹೊರಬರುವುದು ಬಹಳ ಕಷ್ಟ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದ ಜನ ಸಾಲುಸಾಲಾಗಿ ಆಸ್ಪತ್ರೆ ಸೇರಿದರಲ್ಲ, 2020ರ ಫೆಬ್ರವರಿ ಹೊತ್ತಿಗೆ 2,807 ಮಂದಿ, ಅವರಲ್ಲಿ 68 ಮಂದಿ ತೀರಿಕೊಂಡರು. ಹೆಚ್ಚಿನವರು ಸೇದಿದ್ದು ಗಾಂಜಾದ ಸಾರವಿದ್ದ ಕಳ್ಳ ಬಾಟಲಿಗಳನ್ನು, ಅದನ್ನು ಮಂದ ಮಾಡಲು ಹಾಕಿದ್ದು ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ. ಮಾತ್ರೆಯಲ್ಲಿ ನುಂಗುವ ವಿಟಮಿನ್ನೇ ಅದು. ಅಳಿಯ ಊರಿಗೆ ಬಂದಾಗ ಆ ಎಸೆನ್ಸ್ ಹಾಕಿ ಪಾಯಸವನ್ನೋ ಕೇಕನ್ನೋ ಮಾಡಿ ಬಡಿಸಿ.

ಪ್ರಶ್ನೆ: ಅಕ್ಕಾ, ನಾನು ಹಾಸನದವಳು. ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ರಜೆಗೆ ಬಂದಾಗ ಅವನ ಬೀರುವಿನಲ್ಲಿ ಪೇಪರ್ ಸುತ್ತಿದ ಮೂರು ಸಣ್ಣ ಬಾಟಲಿ ಸಿಕ್ಕಿತು, ಒಂದೊಂದರ ಮೇಲೂ ತಾರೀಖು ಬರೆದಿದೆ. ಕೆಮ್ಮಿನ ಔಷಧಿ ಅಂದುಕೊಂಡೆ. ತೆರೆದರೆ ಮಾವಿನಹಣ್ಣಿನ ವಾಸನೆ. ಕೈಗೂ ಸ್ವಲ್ಪ ತಾಗಿತು. ಅವನನ್ನು ಕೇಳಲು ಭಯವಾಗುತ್ತಿದೆ. ಏನಿದು?

ಉತ್ತರ: ತಾರೀಖು ಬರೆದು ಪೇಪರ್ ಸುತ್ತಿ ಕತ್ತಲಲ್ಲಿ ಇಟ್ಟಿದ್ದಾನೆ ಎಂದರೆ, ಮೇಲಿನ ಪತ್ರದಲ್ಲಿ ಇರುವಂಥದ್ದೇ ವೇಪ್ ಲಿಕ್ವಿಡ್ ಇರಬೇಕು, ಮಾಗಲು ಇಟ್ಟಿರುವುದು. ಮೊದಲು ಕೈಯನ್ನು ಸೋಪು ಹಾಕಿ ಚೆನ್ನಾಗಿ ತೊಳೆದುಕೊಳ್ಳಿ. ತಲೆ ಸುತ್ತು, ವಾಕರಿಕೆ, ಬೆವರು ಇದ್ದರೆ ಡಾಕ್ಟರರನ್ನು ಕಾಣಿ. ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ. ನಮ್ಮ ರೈತರು ಗಿಡಹೇನಿಗೆ ತಂಬಾಕಿನ ಕಷಾಯ ಹೊಡೆಯುತ್ತಾರಲ್ಲ, ಹುಳ ಸಾಯುವುದು ಇದರಿಂದಲೇ. ಮಿಲಿಲೀಟರ್‌ಗೆ 20 ಮಿಲಿಗ್ರಾಂ ಇರುವ 10 ಮಿಲಿಲೀಟರ್ ಬಾಟಲಿಯಲ್ಲಿ 200 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಮಾವಿನಹಣ್ಣಿನ ಘಮಕ್ಕೆ ಮನೆಯ ಪುಟ್ಟ ಮಗುವೊಂದು ಬಾಯಿಗಿಟ್ಟರೆ ಪ್ರಾಣಕ್ಕೇ ಅಪಾಯ. ಬಾಟಲಿಗಳನ್ನು ಬೀಗ ಹಾಕುವ ಜಾಗಕ್ಕೆ ಇವತ್ತೇ ಎತ್ತಿಡಿ, ಬಚ್ಚಲಿಗೆ ಸುರಿಯಬೇಡಿ.

ನಮ್ಮ ರಾಜ್ಯ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು, 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತು ಎಲ್ಲವೂ ಅಪರಾಧ. ಸಂಗ್ರಹಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಐವತ್ತು ಸಾವಿರದವರೆಗೆ ದಂಡ, ಉಳಿದವಕ್ಕೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಕಾನೂನಿಗಿಂತ ನನಗೆ ಚಿಂತೆಯಾಗುವುದು ಬೇರೆ. ಕದ್ದು ಮಾರುವ ಬಾಟಲಿಯನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಒಳಗೆ ಎಷ್ಟು ನಿಕೋಟಿನ್ ಇದೆ, ಯಾವ ಘಮ ಇದೆ ಎಂದು ಚೀಟಿ ನೋಡಿ ನಂಬುವ ಹಾಗಿಲ್ಲ. ಲೆಸ್ಟರ್‌ನ ಓದುಗರಿಗೆ ‘ವರದಿ ಕೇಳಿ’ ಎಂದೆ, ನಿಮ್ಮ ಮಗ ಯಾರನ್ನು ಕೇಳಬೇಕು?

ಅವನನ್ನು ಕೇಳಲು ಭಯಪಡಬೇಡಿ. ಊಟ ಬಡಿಸುವಾಗ ಬೇಡ, ಅಪ್ಪನ ಎದುರೂ ಬೇಡ. ಒಬ್ಬನೇ ಇರುವಾಗ ಬಾಟಲಿ ಮುಂದಿಟ್ಟು, ‘ಇದು ಸಿಕ್ಕಿತು ಕಣೋ, ನನ್ನ ಕೈಗೂ ತಾಗಿತು’ ಎಂದಷ್ಟೇ ಹೇಳಿ ಸುಮ್ಮನಿರಿ. ಅವನು ಮಾತಾಡುತ್ತಾನೆ. ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಬೇಕೆನಿಸುತ್ತದೆ ಎಂದು ಕೇಳಿ ನೋಡಿ. ಅರ್ಧ ಗಂಟೆಯೊಳಗೇ ಎಂದರೆ ಚಟ ಬಲವಾಗಿ ಹಿಡಿದಿದೆ, ಬರೀ ಬೈಗುಳಕ್ಕೆ ಬಿಡುವಂಥದ್ದಲ್ಲ. ತಂಬಾಕು ಬಿಡಲು ನೆರವು ಕೊಡುವ ರಾಷ್ಟ್ರೀಯ ಸಹಾಯವಾಣಿ 1800-11-2356 ಇದೆ, ಕರೆಗೆ ದುಡ್ಡಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲೂ ಚಟ ಬಿಡಿಸುವ ವಿಭಾಗವಿದೆ, ಅವನ ಕಾಲೇಜು ಇರುವ ಊರಲ್ಲೇ. ಏನಾಯಿತೆಂದು ನನಗೆ ಬರೆಯಿರಿ, ಅದನ್ನು ಪತ್ರಿಕೆಯಲ್ಲಿ ಹಾಕುವುದಿಲ್ಲ.

ಪ್ರಶ್ನೆ: ಪಿರಿಯಾಪಟ್ಟಣದ ತಂಬಾಕು ಬೆಳೆಗಾರ ನಾನು. ನಮ್ಮ ಸೊಪ್ಪನ್ನೂ ಹರಾಜಿನ ನಂತರ ಕಂಪನಿಯವರು ವರ್ಷಗಟ್ಟಲೆ ಇಟ್ಟು ಮಾಗಿಸುತ್ತಾರಂತೆ. ನೀವು ಹೇಳುವ ಮಾಗುವಿಕೆಯೂ ಅದೂ ಒಂದೇನಾ?

ಉತ್ತರ: ಹೆಸರು ಒಂದೇ, ಕೆಲಸ ಬೇರೆ. ನಿಮ್ಮ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಕಾಯಿಸಿ ಒಣಗಿಸುವ ಮನೆಯಲ್ಲಿ, ಐದಾರು ದಿನ ಹದವಾದ ಸೊಪ್ಪು ಹೊಳೆಯುವ ಹಳದಿಯಾಗಿದ್ದರೂ ಒಳಗೆ ಇನ್ನೂ ಹಸಿ ಘಾಟು ಇರುತ್ತದೆ. ಕಂಪನಿಯವರು ನಡುದಂಟು ಬಿಡಿಸಿ, ತೇವ ಶೇಕಡಾ 11-12ರಷ್ಟು ಉಳಿಯುವಂತೆ ಮತ್ತೆ ಒಣಗಿಸಿ, ಪೆಟ್ಟಿಗೆಯಲ್ಲಿ ಒತ್ತಿ ಒಂದೆರಡು ವರ್ಷ ಗೋದಾಮಿನಲ್ಲಿಡುತ್ತಾರೆ. ಆ ಹೊತ್ತಿನಲ್ಲಿ ಎಲೆಯ ಸಕ್ಕರೆಯೂ ಅಮೈನೋ ಆಮ್ಲವೂ ಕೂಡಿ, ರೊಟ್ಟಿಯ ಮೇಲೆ ಕಂದು ಕಲೆ ಬೀಳುವಂಥದ್ದೇ ಕ್ರಿಯೆ ನಿಧಾನಕ್ಕೆ ನಡೆಯುತ್ತದೆ. ಘಾಟು ಇಳಿಯುತ್ತದೆ. ವೇಪ್ ಬಾಟಲಿಯಲ್ಲಿ ಎಲೆಯೂ ಇಲ್ಲ, ಈ ಸಕ್ಕರೆಯೂ ಇಲ್ಲ. ಅದರ ನಿಕೋಟಿನ್ ಮಾತ್ರ ಹೆಚ್ಚಾಗಿ ನಿಮ್ಮಂಥವರು ಬೆಳೆದ ಗಿಡದಿಂದಲೇ ತೆಗೆದದ್ದು.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ. ಇಬ್ಬನಿ ಅಥವಾ ಮಳೆ ಬಿದ್ದ ಬೆಳಗ್ಗೆ ಸೊಪ್ಪು ಮುರಿಯುವ ಹೆಣ್ಣುಮಕ್ಕಳಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತು, ವಾಂತಿ ಬರುತ್ತದಲ್ಲ, ಬಿಸಿಲು ತಾಗಿತು ಎಂದು ಮಜ್ಜಿಗೆ ಕುಡಿಸಿ ಕೂರಿಸುತ್ತೀರಲ್ಲ, ಅದು ಎಷ್ಟೋ ಸಲ ಬಿಸಿಲಲ್ಲ. ಒದ್ದೆ ಎಲೆಯಿಂದ ನಿಕೋಟಿನ್ ಅಂಗೈ, ಮೊಣಕೈ ಮೂಲಕ ಒಳಗೆ ಹೋಗಿರುತ್ತದೆ. ಎಲೆ ಒಣಗಿದ ಮೇಲೆ ಮುರಿಸಿ, ಉದ್ದ ತೋಳಿನ ಅಂಗಿಯನ್ನೂ ರಬ್ಬರ್ ಗ್ಲೌಸನ್ನೂ ನೀವೇ ಕೊಂಡು ಕೊಡಿ, ಕೆಲಸ ಮುಗಿದ ಕೂಡಲೇ ಕೈಕಾಲು ತೊಳೆಯಲು ತೋಟದಲ್ಲೇ ಸೋಪು ನೀರು ಇಡಿಸಿ. ಒದ್ದೆಯಾದ ಸೀರೆಯಲ್ಲೇ ಸಂಜೆಯವರೆಗೆ ಇರಬಾರದು, ಬದಲಿಸಲು ಒಂದು ಮರೆ ಬೇಕು. ಬಸುರಿಯರನ್ನು ಆ ಕೆಲಸಕ್ಕೆ ಕರೆಯಬೇಡಿ.